ಹೆಲ್ಮೋರ್ ಕಂಪನಿಯ ಕೊನೆಯ ಪ್ಲೇಟು

ಯಾವನು ರೂಪವಿಲ್ಲದವನಾದ್ದರಿಂದ ಯಾವ ಕ್ಯಾಮೆರಾಕ್ಕೂ ಸಿಕ್ಕುವುದಿಲ್ಲವೋ, ಆದರೂ ಭಕ್ತನ ಎಡಗೈಯಲ್ಲಿ ಇಷ್ಟಲಿಂಗವಾಗಿ ನೆಲಸಿ ಎಳ್ಳಷ್ಟೂ ಅಲುಗದೆ ಕುಳಿತಿರುವನೋ, ಆ ಸಿದ್ಧೇಶ್ವರನಿಗೆ ಮೊದಲ ನಮಸ್ಕಾರ. ಬೆಳಕೂ ಅವನದು, ಕತ್ತಲೂ ಅವನದು. ಎರಡರ ನಡುವೆ ಒಂದು ಗಾಜನ್ನು ಹಿಡಿದು ನಿಂತು 'ಇದನ್ನು ನಾನು ತೆಗೆದೆ' ಎನ್ನುವುದಷ್ಟೇ ಮನುಷ್ಯನದು. ಅಂಥ ಒಬ್ಬ ಮನುಷ್ಯನ ಕಥೆಯನ್ನು ಹೇಳಹೊರಟಿದ್ದೇನೆ. ನನ್ನ ಮಾತು ಅಲುಗಾಡದಂತೆ ಆ ಸ್ವಾಮಿಯೇ ಕಾಯಲಿ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಗುರುಪಾದಯ್ಯ ಹಿರೇಮಠ ಎಂಬ ಜಂಗಮರು ಫೋಟೋ ಸ್ಟುಡಿಯೋ ನಡೆಸುತ್ತಿದ್ದರು. ಅವರ ತತ್ತ್ವ ಸರಳವಾಗಿತ್ತು: ಮನುಷ್ಯನಿಗೆ ಗುರು ಒಬ್ಬ, ಲಿಂಗ ಒಂದು, ಕ್ಯಾಮೆರಾ ಕಂಪನಿ ಒಂದು. ಮೊದಲಿನ ಎರಡಕ್ಕೆ ಶಾಸ್ತ್ರದ ಆಧಾರವುಂಟು. ಮೂರನೆಯದಕ್ಕೆ ನಾನು ಬಹಳ ಹುಡುಕಿದೆ, ಸಿಗಲಿಲ್ಲ.

ಆ ಕಂಪನಿಯ ಹೆಸರು ಹೆಲ್ಮೋರ್. ಗುರುಪಾದಯ್ಯನವರ ಕ್ಯಾಮೆರಾ ವಿಲಾಯತಿಯಿಂದ ಬಂದ, ಮೂರು ಕಾಲಿನ, ಹಿತ್ತಾಳೆಯ ಕಣ್ಣಿನ ಮರದ ಪೆಟ್ಟಿಗೆ. ದಿನವೂ ಸ್ನಾನ ಪೂಜೆಗಳಾದ ಮೇಲೆ ಅವರು ತಮ್ಮ ಹಣೆಗೆ ವಿಭೂತಿ ಧರಿಸಿ, ಉಳಿದದ್ದನ್ನು ಕ್ಯಾಮೆರಾದ ನೆತ್ತಿಗೆ ಹಚ್ಚುತ್ತಿದ್ದರು. ಕಂಪನಿಯನ್ನು ಸ್ಥಾಪಿಸಿದ ಗಡ್ಡದ ಹೆಲ್ಮೋರ್ ಸಾಹೇಬನ ಚಿತ್ರವನ್ನು ಒಂದು ಜಾಹೀರಾತಿನಿಂದ ಕತ್ತರಿಸಿ, ಕಟ್ಟು ಹಾಕಿಸಿ, ಮನೆದೇವರ ಪಟದ ಪಕ್ಕದಲ್ಲಿ ತೂಗುಹಾಕಿದ್ದರು. ಮರ್ಯಾದೆಗಾಗಿ ಎರಡು ಬೆರಳು ಕೆಳಗೆ. ಫೋಟೋ ಮೂಡುವ ಗಾಜಿನ ಪ್ಲೇಟು ಕೂಡ ಹೆಲ್ಮೋರ್‌ನದೇ ಆಗಬೇಕು. ಬೇರೆ ಕಂಪನಿಯ ಪ್ಲೇಟುಗಳೂ ಅದೇ ಅಳತೆಯವು, ಅದೇ ಪೆಟ್ಟಿಗೆಯಲ್ಲಿ ಸರಿಯಾಗಿ ಕೂರುವಂಥವು. ಆದರೆ ಗುರುಪಾದಯ್ಯನವರ ದೃಷ್ಟಿಯಲ್ಲಿ ಅವು ಕಂಡವರ ಮನೆಯ ಎಂಜಲು.

ಹೀಗಿರುವಾಗ ಒಂದು ದಿನ ಸೊಲ್ಲಾಪುರದ ಫೋಟೋ ಸಾಮಾನಿನ ಏಜೆಂಟನೊಬ್ಬ ಊರ ಅಂಚಿನ ಇಬ್ರಾಹಿಂಪುರದ ಬಿಡಾರದಿಂದ ನಡೆದುಬಂದು, ಚಹಾ ಕುಡಿದು, ಬಾಯಿ ಒರೆಸಿಕೊಂಡು ಹೇಳಿದ:

"ಹೆಲ್ಮೋರ್‌ದವರು ಕ್ಯಾಮೆರಾ ಧಂದೆ ಬಿಟ್ಟರ್ರಿ ಅಯ್ಯಾರ. ಪ್ಲೇಟೂ ಇಲ್ಲ, ಪೆಟ್ಟಿಗೀನೂ ಇಲ್ಲ. ಖಲಾಸ್."

"ಬಿಟ್ಟು ಏನ ಮಾಡಾಕತ್ತಾರ? ಸನ್ಯಾಸ ತಗೊಂಡಾರೇನು?"

"ಇಲ್ರಿ. ತತ್ತಿ ಕುದಿಸು ಭಾಂಡೆ ಮಾಡಾಕತ್ತಾರಂತ."

ಗುರುಪಾದಯ್ಯನವರು ಬಟ್ಟಲನ್ನು ಕೆಳಗಿಟ್ಟರು. "ಏನ ಕುದಿಸೂದು?"

"ಕೋಳಿ ತತ್ತಿರಿ. ಒಮ್ಮಿಗೆ ಆರು ಕುದೀತಾವಂತ. ಅದು ಇರ್ಲಿ, ನನ್ನ ಹಂತ್ಯಾಕ ಬ್ಯಾರೇ ಕಂಪನಿ ಪ್ಲೇಟ ಭಾಳ ಚಲೋ..."

ಏಜೆಂಟನನ್ನು ಸಕಲ ಮರ್ಯಾದೆಯೊಂದಿಗೆ ಓಣಿಯ ತುದಿಯವರೆಗೆ ಕಳಿಸಿ ಬರಲಾಯಿತು. ಒಳಗಿನಿಂದ ಗುರುಪಾದಯ್ಯನವರ ಮನೆಯವರಾದ ಮುರಿಗೆವ್ವ ರೊಟ್ಟಿ ಬಡಿಯುತ್ತಲೇ ಅಂದರು: "ದಿನಾ ವಿಭೂತಿ ಹಚ್ಚಿದ್ರಲ್ಲ, ನಿಮ್ಮ ಸಾಹೇಬ ಕಡೀಗೆ ಅಡಗೀಮನೀಗೆ ಬಂದ ನೋಡ್ರಿ."

ಅಂದಿನಿಂದ ಗುರುಪಾದಯ್ಯನವರು ಪ್ಲೇಟುಗಳನ್ನು ತೀರ್ಥದಂತೆ ಬಳಸತೊಡಗಿದರು. ತೀರ್ಥವೂ ಮುಗಿಯುತ್ತದೆ. ಕೊನೆಗೆ ಪೆಟ್ಟಿಗೆಯಲ್ಲಿ ಒಂದೇ ಒಂದು ಪ್ಲೇಟು ಉಳಿಯಿತು. ಮದುವೆಯವರು ಬಂದರು, ಅವರನ್ನು ಹಿಂದಕ್ಕೆ ಕಳಿಸಿದರು. ಗರಡಿಯ ಪೈಲವಾನರು ಬಂದರು, ಅವರನ್ನೂ ಕಳಿಸಿದರು.

"ಬಂದವರನ್ನೆಲ್ಲಾ ಕಳಿಸಿದ್ರ ಮುಂದ ಏನ ಮಾಡೂದು?" ಎಂದು ಮುರಿಗೆವ್ವ ಕೇಳಿದರು. "ನಾವಿಬ್ಬರೂ ಕ್ಯಾಮೆರಾದ ಮುಂದ ಮಾರಿ ಮಾರಿ ನೋಡಕೋಂತ ಕುಂಡ್ರೂದೇನು?"

"ಕೇಳಿಲ್ಲಿ. ಈ ಪ್ಲೇಟಿನ್ಯಾಗ ಎಂಥಾ ಫೋಟೋ ತಗೀತೇನಂದ್ರ, ಅದನ್ನ ವಿಲಾಯತಿಗೆ ಕಳಸ್ತೇನಿ. ಹೆಲ್ಮೋರ್‌ದವರು ನೋಡಬೇಕು, ನೋಡಿ ಕಣ್ಣೀರ ಹಾಕಬೇಕು, ತತ್ತಿ ಭಾಂಡೆ ಒಗದು ಮತ್ತ ಕ್ಯಾಮೆರಾ ಮಾಡಾಕ ಕುಂಡ್ರಬೇಕು."

"ಫೋಟೋ ಕೆಟ್ಟರ?"

"ಕೆಟ್ಟರ ಅಂಗಡಿಗೆ ಕೀಲಿ. ಬ್ಯಾರೇ ಕಂಪನಿ ಪ್ಲೇಟ ನಾ ಮುಟ್ಟಾಂವಲ್ಲ."

ಮುರಿಗೆವ್ವ ಬಡಿಯುತ್ತಿದ್ದ ರೊಟ್ಟಿ ಅಂದು ಬಹಳ ತೆಳ್ಳಗಾಯಿತು.

ಈಗ ಪ್ರಶ್ನೆಯೆಂದರೆ, ಆ ಪ್ಲೇಟಿಗೆ ಯೋಗ್ಯವಾದ ಮುಖ ಯಾವುದು? ಇಲ್ಲಿ ಒಂದು ವಿಷಯವನ್ನು ವಿವರಿಸಬೇಕು. ಹೆಲ್ಮೋರ್ ಪ್ಲೇಟು ಸಾತ್ವಿಕ ಸ್ವಭಾವದ್ದು. ಯಾವುದನ್ನೂ ಅವಸರದಿಂದ ಹಿಡಿಯುತ್ತಿರಲಿಲ್ಲ. ಗುರುಪಾದಯ್ಯನವರು ಕ್ಯಾಮೆರಾದ ಕಣ್ಣಿನ ಟೋಪಿಯನ್ನು ತೆಗೆದು, ಪಂಚಾಕ್ಷರಿ ಮಂತ್ರವನ್ನು ನಿಧಾನವಾಗಿ ಜಪಿಸಿ, ಮತ್ತೆ ಟೋಪಿ ಹಾಕುವವರೆಗೆ ಎದುರಿಗಿದ್ದವರು ಅಲುಗಬಾರದು. ಅಲುಗಿದರೆ ಹೊಗೆಯಂತೆ ಮೂಡುತ್ತಿದ್ದರು. ಜೀವವಿರುವವರೆಲ್ಲ ಅಲುಗುವವರೇ. ಅಲುಗದವರು ಒಂದೇ ವರ್ಗದವರು. ವೀರಶೈವರಲ್ಲಿ ಕಾಲವಾದವರನ್ನು ಮಲಗಿಸುವುದಿಲ್ಲ. ವಿಭೂತಿ ಧರಿಸಿ, ಹೂಮಾಲೆ ಹಾಕಿ, ನೆಟ್ಟಗೆ ಕುಳ್ಳಿರಿಸುತ್ತಾರೆ. ಹಾಗೆ ಕುಳಿತಾಗಲೇ ಒಂದು ಫೋಟೋ ತೆಗೆಸಿಡುವುದು ಉಳ್ಳವರ ಪದ್ಧತಿಯಾಗಿತ್ತು. ಗುರುಪಾದಯ್ಯನವರ ಕೀರ್ತಿಯೆಲ್ಲ ಅಂಥ ಫೋಟೋಗಳಿಂದಲೇ ಬಂದದ್ದು. ಅವರು ಮೂರು ಕಾಲಿನ ಪೆಟ್ಟಿಗೆಯನ್ನು ಹೊತ್ತು ಯಾವ ಊರಿಗೆ ಹೋದರೂ, ಕಂಡ ಜನ ರುಮಾಲು ತೆಗೆದು ನಿಲ್ಲುತ್ತಿದ್ದರು.

ಆದರೆ ಈ ಕೊನೆಯ ಪ್ಲೇಟಿಗೆ ಅವರು ಬದುಕಿರುವ ಮುಖವನ್ನೇ ಬಯಸಿದರು. ಅಂಥ ಮುಖ ಅವರಿಗೆ ಗುಡಿಯಲ್ಲಿಯೇ ಕಂಡಿತು. ಬಬಲೇಶ್ವರದ ಹಿರಿಯರಾದ ಶಿವಯೋಗೆಪ್ಪನವರು ಸಿದ್ಧೇಶ್ವರನ ಎದುರು ಲಿಂಗಪೂಜೆಗೆ ಕುಳಿತಿದ್ದರು. ಅವರ ಮೂಗಿನ ಮೇಲೆ ಒಂದು ನೊಣ ಕುಳಿತಿತು. ಶಿವಯೋಗೆಪ್ಪನವರು ಅಲುಗಲಿಲ್ಲ. ನೊಣಕ್ಕೇ ಬೇಸರವಾಗಿ ಎದ್ದುಹೋಯಿತು. ಗುರುಪಾದಯ್ಯನವರ ಕಣ್ಣಲ್ಲಿ ನೀರು ಬಂತು. ಅಲ್ಲಿಯೇ ಮಾತಾಡಿದರು. "ಸೋಮವಾರ ನಿಮ್ಮಲ್ಲಿಗೆ ಬರತೇನ್ರಿ ಯಜಮಾನ್ರ" ಎಂದರು. ಕಿವಿ ಮಂದವಾಗಿದ್ದ ಶಿವಯೋಗೆಪ್ಪನವರು, ಜಂಗಮರು ಮನೆಗೆ ಬರುವುದು ಪುಣ್ಯವೆಂದುಕೊಂಡು, "ಬರ್ರಿ, ಹುಗ್ಗಿ ಮಾಡಸ್ತೇನಿ" ಎಂದರು. ಯಾಕೆ ಬರುವುದೆಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

ಸ್ಟುಡಿಯೋದ ಪಕ್ಕದಲ್ಲಿ ಪಟಗಳಿಗೆ ಕಟ್ಟು ಹಾಕುವ ಸೈಫುದ್ದೀನರ ಅಂಗಡಿ. ಗುರುಪಾದಯ್ಯನವರು ನೇರವಾಗಿ ಅಲ್ಲಿಗೆ ಹೋದರು.

"ಸೈಫುದ್ದೀನ ಸಾಹೇಬರ, ಕಡೀ ಪ್ಲೇಟ ಬಬಲೇಶ್ವರದ ಶಿವಯೋಗೆಪ್ಪನವರಿಗೆ ತಗದ ಇಟ್ಟೇನಿ. ಒಂದ ಕಟ್ಟು ತಯಾರ ಮಾಡ್ರಿ."

ಸೈಫುದ್ದೀನರ ಕೈಯಲ್ಲಿದ್ದ ಮೊಳೆ ಕೆಳಗೆ ಬಿತ್ತು. "ಯಾ ಅಲ್ಲಾ! ಈಗ ಗುಡಿ ಮುಂದ ನೋಡಿದ್ನಲ್ರಿ ಅವರನ್ನ. ಗಟ್ಟಿ ಇದ್ದರಲ್ಲ!"

"ಗಟ್ಟಿ ಇದ್ದಾರ. ಹಂಗಂತ ತಡಾ ಮಾಡಾಕ ಬರಂಗಿಲ್ಲ. ಸೋಮವಾರ ಮುಂಜಾನೆ ಮುಗಿಸಿಬಿಡೂದು."

"ಸೋಮವಾರ ಅಂತ ನಿಮಗ ಹೆಂಗ ತಿಳೀತು?"

"ಮಾರಿ ನೋಡಿದೆ. ನೋಡಿದ ಕೂಡ್ಲೇ ತಿಳೀತು."

ಹೀಗೆ ಹೇಳಿ ಅವರು ಹೊರಟುಹೋದರು. ಸೈಫುದ್ದೀನರು ಬದುಕಿರುವವರಿಗೆ ಹಾಕುವ ಬಂಗಾರಬಣ್ಣದ ಪಟ್ಟಿಯನ್ನು ಬದಿಗಿಟ್ಟು, ಕರಿಯ ಪಟ್ಟಿಯನ್ನು ಅಳೆಯತೊಡಗಿದರು. ಕನ್ನಡಿಗೆ ಕಟ್ಟು ಹಾಕಿಸಲು ಬಂದಿದ್ದ ಟಿಕೋಟಾದ ಧೂಳಪ್ಪ ಇದನ್ನೆಲ್ಲ ಕೇಳುತ್ತ ನಿಂತಿದ್ದ.

ಕಂಡ ಗುರುತಿನಿಂದ ಕಾಣದ ವಸ್ತುವನ್ನು ತಿಳಿಯುವುದಕ್ಕೆ ತಾರ್ಕಿಕರು ಅನುಮಾನ ಪ್ರಮಾಣವೆಂದು ಹೆಸರಿಟ್ಟಿದ್ದಾರೆ. ಗುರುಪಾದಯ್ಯನವರ ಕ್ಯಾಮೆರಾ ಹೋದಲ್ಲೆಲ್ಲ ಹೆಣವಿರುವುದನ್ನು ಧೂಳಪ್ಪ ಕಂಡಿದ್ದ. ಕ್ಯಾಮೆರಾ ಬಬಲೇಶ್ವರಕ್ಕೆ ಹೋಗುವುದೆಂದು ಕೇಳಿದ. ಉಳಿದದ್ದನ್ನು ತಾನೇ ತಿಳಿದುಕೊಂಡ. ತರ್ಕದಲ್ಲಿ ದೋಷವಿಲ್ಲ.

ಶಿವಯೋಗೆಪ್ಪನವರ ಮಗಳು ಲಕ್ಕವ್ವಳನ್ನು ಟಿಕೋಟಾಕ್ಕೆ ಕೊಟ್ಟಿತ್ತು. ಒಂದು ಎಮ್ಮೆಯ ವಿಷಯದಲ್ಲಿ ಮಾತು ಬೆಳೆದು ಆಕೆ ತವರಿಗೆ ಹೋಗುವುದನ್ನು ಬಿಟ್ಟು ವರ್ಷಗಳಾಗಿದ್ದವು. ಧೂಳಪ್ಪ ಅವಳ ಕಟ್ಟೆಯ ಮೇಲೆ ಕುಳಿತು ಹೇಳಿದ:

"ಯವ್ವಾ, ಎದಿ ಗಟ್ಟಿ ಮಾಡ್ಕೊ. ನಿಮ್ಮಪ್ಪಂದು ಸೋಮವಾರ ಮುಂಜಾನೆ ಐತಿ."

"ಏನೈತಿ ಸೋಮವಾರ?"

"ಫೋಟೋ."

ಲಕ್ಕವ್ವ ಅಲ್ಲಿಯೇ ಕುಸಿದಳು. ಎಮ್ಮೆಯನ್ನು ಆ ಕ್ಷಣವೇ ಕ್ಷಮಿಸಿದಳು. ಸುದ್ದಿ ಟಿಕೋಟಾದಿಂದ ಜೈನಾಪುರ ಮುಟ್ಟುವ ಹೊತ್ತಿಗೆ, ಸಿದ್ಧೇಶ್ವರನೇ ಗುರುಪಾದಯ್ಯನವರ ಕನಸಿನಲ್ಲಿ ಬಂದು ವಾರ, ಹೊತ್ತುಗಳನ್ನು ತಿಳಿಸಿದ್ದನು. ಜೈನಾಪುರದಿಂದ ಬಬಲೇಶ್ವರಕ್ಕೆ ಬರುವಾಗ ಅವನು ಫೋಟೋದ ಅಳತೆಯನ್ನೂ ಹೇಳಿದ್ದನು.

ಸೋಮವಾರ ಗುರುಪಾದಯ್ಯನವರು ಕ್ಯಾಮೆರಾವನ್ನು ಹೊತ್ತು ಬಬಲೇಶ್ವರಕ್ಕೆ ಹೋಗುವ, ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸನ್ನು ಹತ್ತಿದರು. ಕಂಡ ಜನ ರುಮಾಲು ತೆಗೆದರು. ಒಬ್ಬ ಮುದುಕ ಎದ್ದು ಜಾಗ ಕೊಟ್ಟ.

"ಯಾವಾಗ ಆತ್ರಿ ಅಯ್ಯಾರ?"

"ಇನ್ನೂ ಆಗಿಲ್ಲಪಾ. ನಾ ಹೋಗಿ ಮುಟ್ಟಿದ ಮ್ಯಾಲ ಆಗಬೇಕಲ್ಲ."

ಮುದುಕ ಮುಂದಿನ ಊರಿನಲ್ಲಿಯೇ ಇಳಿದುಬಿಟ್ಟ. ಅವನು ಹೋಗಬೇಕಾದ ಊರು ಅದಾಗಿರಲಿಲ್ಲ.

ಇತ್ತ ಬಬಲೇಶ್ವರದಲ್ಲಿ ಶಿವಯೋಗೆಪ್ಪನವರ ಅಂಗಳದ ತುಂಬ ಜನ. ಭಜನೆಯವರು ತಾಳಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಹೊರಗೆ ಬಿದಿರಿನ ವಿಮಾನ ಕಟ್ಟುತ್ತಿದ್ದರು. ಕಾಲವಾದವರನ್ನು ಕುಳ್ಳಿರಿಸಿ ಹೊತ್ತೊಯ್ಯುವ ಪಲ್ಲಕ್ಕಿಯಂಥ ಗೂಡಿಗೆ ಅಲ್ಲಿ ಆ ಹೆಸರು. ನಡುಮನೆಯಲ್ಲಿ ಶಿವಯೋಗೆಪ್ಪನವರು ಎರಡನೆಯ ಸಲ ಹುಗ್ಗಿ ಬಡಿಸಿಕೊಳ್ಳುತ್ತಿದ್ದರು. ಎದುರಿಗೆ ಲಕ್ಕವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು.

"ಯಾಕ ಅಳಾಕತ್ತೀ ಬೇ?"

"ನಿನ್ನ ಮಾರಿ ನೋಡಾಕ ಬಂದೇನಿ ಯಪ್ಪಾ."

"ನೋಡಿದ್ಯಲ್ಲ. ಅಳೂವಂಥಾದ್ದು ಏನೈತಿ ಇದರಾಗ?"

ಮಗನಾದ ಗುರಲಿಂಗಪ್ಪ ತಂದೆಗೆ ಸಂಗತಿಯನ್ನು ಹೇಳಲು ಬೆಳಗಿನಿಂದ ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಕೊನೆಗೆ ಹೇಳಿದವರು ಜನನ ಮರಣಗಳನ್ನು ಬರೆದಿಡುವ ಊರ ಕುಲಕರ್ಣಿಯವರು. ಅವರು ಒಳಗೆ ಬಂದು ಕನ್ನಡಕ ಸರಿಮಾಡಿಕೊಂಡು ವಿನಯದಿಂದ ಅಂದರು:

"ಯಜಮಾನ್ರ, ಅವಸರ ಮಾಡ್ತೀನಿ ಅನ್ನಬ್ಯಾಡ್ರಿ. ನಾಳೆ ನಾ ಸಾಹೇಬರ ಕ್ಯಾಂಪಿಗೆ ಹೋಗಬೇಕಾಗ್ಯದ. ಇವತ್ತ ಆಗೋದಿದ್ರ ಹೊತ್ತಿಲೇ ಆಗಿಬಿಟ್ರ ಬರಕೊಂಡು ಹೋಗಲಿಕ್ಕೆ ಅನುಕೂಲ ಆಗ್ತದ."

"ಏನ ಆಗೂದು?"

ಕುಲಕರ್ಣಿಯವರು ವಿವರಿಸಿದರು. ಶಿವಯೋಗೆಪ್ಪನವರು ಕೈತೊಳೆದುಕೊಂಡು ವಿಚಾರಮಾಡಿದರು. ತಮಗೆ ಯಾವ ಬೇನೆಯೂ ಇರಲಿಲ್ಲ. ಆದರೆ ಹೇಳಿದವರು ಜಂಗಮರು, ಹೇಳಿಸಿದವನು ಸಿದ್ಧೇಶ್ವರ, ಅಲ್ಲದೆ ಇಷ್ಟು ಜನ ಬಿತ್ತುವ ಕೆಲಸ ಬಿಟ್ಟು ಬಂದು ಕುಳಿತಿದ್ದಾರೆ. ತಮ್ಮ ಮನೆಯ ಬಾಗಿಲಿಗೆ ಬಂದವರನ್ನು ಅವರು ಎಂದೂ ಬರಿಗೈಯಲ್ಲಿ ಕಳಿಸಿದವರಲ್ಲ. "ಆಗ್ಲಿ" ಎಂದರು. "ಹೊಸಾ ಧೋತರಾ ತಗೀರಿ."

ಗುರುಪಾದಯ್ಯನವರು ಬಂದಿಳಿದು ನೋಡುತ್ತಾರೆ: ಅಂಗಳದಲ್ಲಿ ಬಾಳೆಯ ಕಂಬ ಕಟ್ಟಿದ ಮಂಟಪ, ಹೂವಿನ ರಾಶಿ, ಕೈಮುಗಿದು ನಿಂತ ಊರು. ಒಂದು ಫೋಟೋಕ್ಕೆ ಇಷ್ಟು ಸಿದ್ಧತೆಯನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಹೆಲ್ಮೋರ್ ಕಂಪನಿಯ ಮೇಲೆ ಬಬಲೇಶ್ವರದವರಿಗಿರುವ ಭಕ್ತಿಯನ್ನು ಕಂಡು ಅವರ ಕಣ್ಣು ತುಂಬಿಬಂದವು. ಇವರ ಕಣ್ಣೀರನ್ನು ಕಂಡು ಊರಿಗೆ ಇದ್ದ ಅಲ್ಪಸ್ವಲ್ಪ ಆಸೆಯೂ ಹೋಯಿತು.

ಶಿವಯೋಗೆಪ್ಪನವರು ಮಂಟಪದಲ್ಲಿ ಕುಳಿತು, ಅಯ್ಯನವರನ್ನು ಹತ್ತಿರ ಕರೆದು ಮೆಲ್ಲನೆ ಕೇಳಿದರು: "ಅಯ್ಯಾ, ಭಾಳ ತ್ರಾಸ ಆಗತೈತೇನು?"

"ಏನ ತ್ರಾಸರಿ? ಸುಮ್ಮ ಕುಂಡ್ರೂದು. ಶಿವಾ ಅನ್ನೂದ್ರಾಗ ಮುಗದಹೋಗತೈತಿ."

"ಆಮ್ಯಾಲ?"

"ಆಮ್ಯಾಲ ನಾ ಕತ್ತಲ ಖೋಲ್ಯಾಗ ಒಯ್ದು ನೀರಾಗ ತೊಳೀತೇನಿ. ಒಣಗಿಸಿ ವಿಲಾಯತಿಗೆ ಕಳಸ್ತೇನಿ."

"ವಿಲಾಯತಿಗೆ?"

"ಅಲ್ಲಿ ದೊಡ್ಡವರು ನೋಡಬೇಕಲ್ರಿ."

ಶಿವಯೋಗೆಪ್ಪನವರು ತಲೆದೂಗಿದರು. ಕೈಲಾಸದ ದಾರಿಯಲ್ಲಿ ವಿಲಾಯತಿ ಬರುವುದೆಂದು ಅವರು ಕೇಳಿರಲಿಲ್ಲ. ಆದರೆ ನಡೆಯುತ್ತಿದ್ದುದು ಇಂಗ್ಲಿಷರ ರಾಜ್ಯ. ಪ್ರತಿಯೊಂದೂ ಅಲ್ಲಿಗೆ ಹೋಗಿಯೇ ಮುಂದಕ್ಕೆ ಹೋಗುತ್ತಿತ್ತು.

ಗುರುಪಾದಯ್ಯನವರು ಪ್ಲೇಟನ್ನು ಕ್ಯಾಮೆರಾದಲ್ಲಿ ಕೂರಿಸಿ, ಕಣ್ಣಿಗೊತ್ತಿಕೊಂಡು, ಕರಿಯ ಬಟ್ಟೆಯೊಳಗೆ ಹೊಕ್ಕು ಹೊರಗೆ ಬಂದರು. "ಯಜಮಾನ್ರ, ಕಣ್ಣ ಮುಚ್ಚರಿ. ಉಸರ ಬಿಗಿ ಹಿಡೀರಿ. ನಾ ಹೇಳೂತನಕ ಬಿಡಬ್ಯಾಡ್ರಿ" ಎಂದು ಟೋಪಿ ತೆಗೆದರು.

"ಓಂ ನಮಃ ಶಿವಾಯ..."

ಶಿವಯೋಗೆಪ್ಪನವರ ಎದೆ ಏರುವುದು ನಿಂತಿತು. ಲಕ್ಕವ್ವ ನೋಡಿದಳು. "ಯಪ್ಪಾ! ಹೋದ್ಯಾ!" ಎಂದು ಅವಳು ಚೀರಿದ ಕೂಡಲೇ ತಾಳಗಳು ಹೊಡೆದುಕೊಂಡವು, ಭಜನೆ ಶುರುವಾಯಿತು, ಗುರಲಿಂಗಪ್ಪ ಕಂಬಕ್ಕೆ ತಲೆ ಬಡಿದುಕೊಂಡ. ಕುಲಕರ್ಣಿಯವರು ಗಡಿಯಾರ ನೋಡಿ ಸಮಾಧಾನದಿಂದ ಲೆಕ್ಕಣಿಕೆ ತೆಗೆದು ಬರೆದುಕೊಂಡರು. ಈ ಗದ್ದಲದಲ್ಲಿ ಗುರುಪಾದಯ್ಯನವರಿಗೆ, ಇದೇ ಕೊನೆಯ ಹೆಲ್ಮೋರ್, ಇನ್ನಿಲ್ಲ, ಎಂಬ ಭಾವ ಉಕ್ಕಿಬಂದು, ಅವರೂ ಟೋಪಿಯನ್ನು ಎದೆಗೆ ಹಿಡಿದುಕೊಂಡು ಅಳತೊಡಗಿದರು. ಉಸಿರು ಬಿಡಲು ಹೇಳುವುದು ಮರೆತುಹೋಯಿತು. ಟೋಪಿ ಹಾಕುವುದೂ ಮರೆತುಹೋಯಿತು.

ಶಿವಯೋಗೆಪ್ಪನವರು ಕಾದರು. ಪೂಜೆಯಲ್ಲಿ ಪಳಗಿದ ಉಸಿರು. ಬಹಳ ಹೊತ್ತು ತಡೆಯಿತು. ಆಮೇಲೆ ಸತ್ತವರಿಗೂ ಇಷ್ಟು ತ್ರಾಸ ಇರಲಾರದು ಎನಿಸಿತು. ಅವರು ಕಣ್ಣು ತೆರೆದು, ಮಂಟಪದಲ್ಲಿ ಎದ್ದುನಿಂತು, ಎರಡೂ ಕೈಗಳನ್ನು ಮೇಲಕ್ಕೆತ್ತಿ ಗುಡುಗಿದರು:

"ಏ ಅಯ್ಯಾ! ಉಸರ ಬಿಡ್ಲ್ಯೋ ಬ್ಯಾಡೋ?"

ಭಜನೆಯವರು ತಾಳಗಳನ್ನು ಬಿಟ್ಟು ಓಡಿದರು. ವಿಮಾನ ಕಟ್ಟುವವರು ಬೇಲಿ ಹಾರಿದರು. ಅಂಗಳದಲ್ಲಿ ಅವರ ಎದುರು ಉಳಿದವರು ಮೂವರೇ: ಓಡಲಾರದೆ ಬಿದ್ದ ಲಕ್ಕವ್ವ, ಟೋಪಿಯನ್ನು ಹುಡುಕುತ್ತಿದ್ದ ಗುರುಪಾದಯ್ಯನವರು, ಮತ್ತು ಬರೆದದ್ದನ್ನು ಹೊಡೆದುಹಾಕುತ್ತಿದ್ದ ಕುಲಕರ್ಣಿಯವರು.

"ಸತ್ತವರಿಗೊಂದು ಕಾಲಂ ಅದ, ಹುಟ್ಟಿದವರಿಗೊಂದು ಅದ" ಎಂದು ಅವರು ಬೇಸರದಿಂದ ಹೇಳಿದರು. "ಎದ್ದವರಿಗೆ ಸರಕಾರ ಕಾಲಂ ಇಟ್ಟಿಲ್ಲ."

ವಿಜಾಪುರಕ್ಕೆ ಮರಳಿ ಗುರುಪಾದಯ್ಯನವರು ಪ್ಲೇಟನ್ನು ತೊಳೆದು ಕಾಗದಕ್ಕೆ ಇಳಿಸಿದರು. ಮೂಡಿತು. ಮಂಟಪದಲ್ಲಿ ಶಿವಯೋಗೆಪ್ಪನವರು ಕಲ್ಲಿನಂತೆ ಸ್ಪಷ್ಟವಾಗಿ ಕುಳಿತಿದ್ದರು. ಅವರೊಳಗಿನಿಂದ ಹೊಗೆಯಂಥ ಇನ್ನೊಬ್ಬ ಶಿವಯೋಗೆಪ್ಪನವರು ಎದ್ದು, ಕೈಗಳನ್ನೆತ್ತಿ ಮೇಲಕ್ಕೆ ಹೊರಟಿದ್ದರು. ಅವರ ಹೊಟ್ಟೆಯ ಮೂಲಕ ಬಾಳೆಯ ಕಂಬ ಕಾಣಿಸುತ್ತಿತ್ತು.

"ಅಲುಗಿಬಿಟ್ಟಾರ" ಎಂದು ಹೇಳಿ ಗುರುಪಾದಯ್ಯನವರು ಅಂಗಡಿಗೆ ಕೀಲಿ ಹಾಕಿ, ಕೀಲಿಕೈಯನ್ನು ಹೆಲ್ಮೋರ್ ಸಾಹೇಬನ ಪಟದ ಮೊಳೆಗೆ ತೂಗುಹಾಕಿದರು. ಮುಖಕ್ಕೆ ಟವೆಲು ಹಾಕಿಕೊಂಡು ಮಲಗಿದರು.

ಮರುದಿನ ಎರಡು ಚಕ್ಕಡಿ ಜನ ಬಂದರು. ಮುಂದೆ ಶಿವಯೋಗೆಪ್ಪನವರು. ಮುರಿಗೆವ್ವ ಕೀಲಿ ತೆಗೆದು, ಫೋಟೋವನ್ನು ಹೊರಗೆ ತಂದು, ಮೊದಲಿನಂತೆ ಕೀಲಿ ಹಾಕಿ ಅವರಿಗೆ ತೋರಿಸಿದರು. ಲಕ್ಕವ್ವ ಒಮ್ಮೆ ನೋಡಿ ಸಾಷ್ಟಾಂಗ ಬಿದ್ದಳು. "ಹೋಗಿ ಬಂದಾನ ನಮ್ಮಪ್ಪ! ಹೋಗಿ ಹೊಳ್ಳಿ ಬಂದಾನ! ನೋಡ್ರಿ, ಜೀವಾ ಎದ್ದು ಹೊಂಟೈತಿ!"

ಶಿವಯೋಗೆಪ್ಪನವರು ಫೋಟೋವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಕುಂತಾಂವನೂ ನಾನ, ಎದ್ದಾಂವನೂ ನಾನ" ಎಂದರು. "ಇಬ್ಬರಾಗ ಒಬ್ಬನೂ ಸತ್ತಂಗ ಕಾಣಂಗಿಲ್ಲ."

ಅಂದು ಸಂಜೆಯೊಳಗೆ ಓಣಿ ತುಂಬಿತು. ಟಿಕೋಟಾ, ಜೈನಾಪುರಗಳಿಂದ ಬಂದವರೆಲ್ಲರೂ ಕೇಳುವುದು ಒಂದೇ: ತಮ್ಮ ಜೀವದ್ದೂ ಒಂದು ಫೋಟೋ ಬೇಕು. ಗುರುಪಾದಯ್ಯನವರು ಟವೆಲು ತೆಗೆಯಲಿಲ್ಲ.

"ಹೆಲ್ಮೋರ್ ಮುಗೀತು. ಎಲ್ಲಾರಿಗೂ ಹೋಗಂತ ಹೇಳು."

ಮುರಿಗೆವ್ವ ಒಳಗೆ ಹೋಗಿ ಜೋಳದ ಗಡಿಗೆಯ ಹಿಂದಿನಿಂದ ಒಂದು ಪೆಟ್ಟಿಗೆಯನ್ನು ತಂದು ಅವರ ಎದೆಯ ಮೇಲೆ ಇಟ್ಟರು. ಸೊಲ್ಲಾಪುರದ ಏಜೆಂಟ ಬಂದಿದ್ದ ದಿನವೇ ಅವರು ಅವನನ್ನು ಹಿತ್ತಲ ಬಾಗಿಲಿನಿಂದ ಮತ್ತೆ ಕರೆಸಿ ಪ್ಲೇಟು ಕೊಂಡಿಟ್ಟಿದ್ದರು.

"ಇದು ಕಂಡವರ ಕಂಪನೀದು!" ಎಂದು ಗುರುಪಾದಯ್ಯನವರು ಎದ್ದು ಕುಳಿತರು.

"ಕಂಡವರ ಹೊಲದ ಜ್ವಾಳಾ ದಿನಾ ಉಣ್ಣತೀರಿ. ಹೆಂಗ ಉಣ್ಣತೀರಿ?"

"ಲಿಂಗಕ್ಕ ತೋರಿಸಿ ಉಣ್ಣತೇನಿ. ಅದು ಪ್ರಸಾದ ಆಗತೈತಿ."

"ಮತ್ತ ಹೆಲ್ಮೋರ್ ಹೊಟ್ಯಾಗ ಹೋದ ಪ್ಲೇಟು ಏನ ಆಗತೈತಿ?"

ನಾನು ಅನೇಕ ವಾದಸಭೆಗಳಲ್ಲಿ ಕುಳಿತಿದ್ದೇನೆ. ಒಂದೇ ಪ್ರಶ್ನೆಗೆ ಗುರುಪಾದಯ್ಯನವರಂತೆ ಸೋಲೊಪ್ಪಿದ ಪ್ರತಿವಾದಿಯನ್ನು ಕಂಡಿಲ್ಲ. ಅನಂತರ ಅವರು ಎದ್ದು, ಕಾಲು ಮುಖ ತೊಳೆದು, ಪೆಟ್ಟಿಗೆಗೆ ವಿಭೂತಿ ಹಚ್ಚಿ, ಹೆಲ್ಮೋರ್ ಸಾಹೇಬನಿಗೆ ಒಮ್ಮೆ ತೋರಿಸಿದರು. ಸಾಹೇಬ ಬೇಡವೆನ್ನಲಿಲ್ಲ. ಮೊಳೆಯ ಮೇಲಿನ ಕೀಲಿಕೈ ಕೆಳಗಿಳಿಯಿತು. ಜನ್ಮವೆಲ್ಲ "ಅಲುಗಬ್ಯಾಡ್ರಿ" ಎಂದು ಬೇಡಿಕೊಂಡಿದ್ದ ಗುರುಪಾದಯ್ಯನವರು, ಮರುದಿನದಿಂದ ಮಂತ್ರದ ನಡುವೆ "ಈಗ ಏಳ್ರಿ" ಎಂದು ಗಂಭೀರವಾಗಿ ಅಪ್ಪಣೆ ಕೊಡತೊಡಗಿದರು.

ಶಿವಯೋಗೆಪ್ಪನವರ ಫೋಟೋದ ಒಂದು ಪ್ರತಿ ವಿಲಾಯತಿಗೂ ಹೋಯಿತು. ಬಹಳ ತಿಂಗಳ ಮೇಲೆ ಒಂದು ಗಂಟು ಬಂತು. ಒಳಗೆ ಹಳೆಯ ಗಿರಾಕಿಗೆ ಕಂಪನಿಯ ಪ್ರೀತಿಯ ಕಾಣಿಕೆ: ತತ್ತಿ ಕುದಿಸುವ ಭಾಂಡೆ. ಕಂಪನಿಯ ಹೆಸರು ಅದರ ಹೊಟ್ಟೆಯ ಮೇಲೆ ಕೆತ್ತಿತ್ತು. ಗುರುಪಾದಯ್ಯನವರು ಅದನ್ನು ಎತ್ತಿ ಎಸೆಯಲೂ ಆರದೆ, ಇಟ್ಟುಕೊಳ್ಳಲೂ ಆರದೆ, ಒಂದು ದಿನವೆಲ್ಲ ಮಡಿಲಲ್ಲಿಟ್ಟುಕೊಂಡು ಕುಳಿತರು. ಈಗ ಅವರ ಮನೆಯಲ್ಲಿ ಒಮ್ಮೆಗೆ ಆರು ಬಟಾಟೆ ಕುದಿಯುತ್ತವೆ. ಕುದಿಸುವ ಮೊದಲು ಭಾಂಡೆಗೆ ವಿಭೂತಿ ಹಚ್ಚುವವರು ಮುರಿಗೆವ್ವ ಅಲ್ಲ.

ಸೈಫುದ್ದೀನರು ಕರಿಯ ಕಟ್ಟನ್ನು ತೆಗೆದು ಬಂಗಾರದ ಕಟ್ಟು ಹಾಕಿಕೊಡುತ್ತೇನೆಂದರೂ ಶಿವಯೋಗೆಪ್ಪನವರು ಒಪ್ಪಲಿಲ್ಲ. ಮಾಡಿದ್ದು ಮಾಡಿ ಆಗಿದೆ, ಯಾವತ್ತಾದರೂ ಬೇಕಾಗುವುದೇ ಎಂದರು. ಆ ಪಟ ಅವರ ನಡುಮನೆಯಲ್ಲಿದೆ. ಪ್ರತಿ ಸೋಮವಾರ ಲಕ್ಕವ್ವ ಟಿಕೋಟಾದಿಂದ ಬಂದು ಹೂಮಾಲೆ ಕಟ್ಟಿಕೊಡುತ್ತಾಳೆ. ಶಿವಯೋಗೆಪ್ಪನವರು ಮಣೆಯ ಮೇಲೆ ಹತ್ತಿ, ತಮ್ಮ ಪಟಕ್ಕೆ ತಾವೇ ಮಾಲೆ ಹಾಕಿ, ಇಳಿದುಬಂದು ಹುಗ್ಗಿಗೆ ಕೂರುತ್ತಾರೆ.

ಈ ಕಥೆಯನ್ನು ಕೇಳಿದವರಿಗೂ, ಓದಿದವರಿಗೂ, ಅರ್ಧಕ್ಕೆ ಎದ್ದುಹೋದವರಿಗೂ ಸಿದ್ಧೇಶ್ವರನು ಅಷ್ಟೇ ಆಯುಷ್ಯವನ್ನು ಕೊಡಲಿ: ತಮ್ಮ ಪಟಕ್ಕೆ ತಾವೇ ಮಾಲೆ ಹಾಕುವಷ್ಟು. ಹಾಕಿದ ಮೇಲೆ ಅವರ ಎಲೆಗೆ ಹುಗ್ಗಿಯೂ ಬೀಳಲಿ.